ಎಲ್ಲ ಮನೆಗೂ ಒಂದೇ ಕೊನೆಯ ಸಾಲು

ದೊಡ್ಡಮ್ಮಾ,

‘ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ’ ಎಂದು ಬರೆಯಲು ಹೋದೆ, ಪೆನ್ನು ಅಲ್ಲೇ ನಿಂತುಬಿಟ್ಟಿತು. ನಿನ್ನ ಕ್ಷೇಮವನ್ನು ಈಗ ಯಾರ ಹತ್ತಿರ ವಿಚಾರಿಸಬೇಕು? ನನ್ನದಂತೂ ಹೇಳುವ ಹಾಗಿಲ್ಲ. ನಿನ್ನ ತಂಗಿಯ ಮಗಳು, ನೀನು ಸಾಕಿದ ಸುಮಿ, ಏನು ಹಿಡಿದರೂ ಅರ್ಧಕ್ಕೆ ಬಿಟ್ಟು ಮನೆಗೆ ಓಡಿಬರುತ್ತಿದ್ದ ಸುಮಿ, ಕಂಪ್ಯೂಟರಿನಲ್ಲಿ ಕೋಡ್ ಬರೆಯುವುದನ್ನು ಕಲಿತಿದ್ದಾಳೆ. ನಕ್ಕೆಯಾ? ನಗು. ನನಗೇ ನಂಬಿಕೆ ಬಂದಿಲ್ಲ. ನಕ್ಕು ಮುಗಿದ ಮೇಲೆ ಮಿಕ್ಕಿದ್ದನ್ನೂ ಕೇಳು. ಆ ಕೋಡಿನಿಂದಲೇ ನಾನು ಒಂದು ಸಾವಿನ ಮನೆಗೆ ಅಭಿನಂದನೆ ಕಳಿಸಿದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಗಿರೀಶ ಬಂದು ನನ್ನ ಪಕ್ಕ ಕೂತ ಗಳಿಗೆ ನೆನಪಾಗುತ್ತದೆ. ನಿನ್ನ ಮಗ ನನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ತೆಗೆದು ಕೆಳಗಿಟ್ಟ, ಅಷ್ಟೇ. ನನಗೆ ಗೊತ್ತಾಯಿತು. ಅಲ್ಲ ದೊಡ್ಡಮ್ಮ, ಗ್ಯಾಸ್ ಸೋರಿದರೆ, ಬಸ್ ಪಲ್ಟಿ ಹೊಡೆದರೆ, ಹಾಲು ಒಡೆದರೆ ಎಂದು ಬೆಳಗಿನಿಂದ ರಾತ್ರಿಯವರೆಗೆ ಹೆದರುವವಳು ನಾನು. ನಿನಗೇ ಏನಾದರೂ ಆದರೆ ಎಂಬುದು ಒಂದೇ ಒಂದು ದಿನ ತಲೆಗೆ ಬಂದಿರಲಿಲ್ಲವಲ್ಲ, ಅದು ಹೇಗೆ? ಸಣ್ಣ ಜ್ವರ ಎಂದು ಹೋದವಳು ನೀನು. ಮರುದಿನದ ನಾಮಕರಣದ ಅಡುಗೆಗೆ ಬೇಳೆ ನೆನೆಹಾಕಲು ಹೇಳಿ ಹೋದವಳು...

ಕಲ್ಯಾಣಮಂಟಪದ ಹಿಂದಿನ ಅಡುಗೆಮನೆಗಳು ಕಣ್ಣ ಮುಂದೆ ಬರುತ್ತವೆ. ಬೆಳಕು ಹರಿಯುವ ಮೊದಲು ನಮ್ಮ ಅಡುಗೆ ತಂಡವೆಲ್ಲ ಗಾಡಿಯಿಂದ ಇಳಿದ ಮೇಲೆ ನೀನು ಒಲೆಗಳಿಗೆ ಅರಿಶಿನ ಕುಂಕುಮ ಇಟ್ಟು, ಕರ್ಪೂರ ಹಚ್ಚುತ್ತಿದ್ದೆ. ಬೇರೆ ಅಡುಗೆಯವರಾದರೆ ಅಲ್ಲಿಗೆ ಒಲೆ ಹತ್ತಿಸುತ್ತಾರೆ. ನೀನು ಹತ್ತಿಸುತ್ತಿರಲಿಲ್ಲ. ಬೋರಲು ಹಾಕಿದ ಕೊಳಗದ ಮೇಲೆ ನನ್ನನ್ನು ಕೂರಿಸಿ, “ಲೇ ಸುಮಿ, ಇವತ್ತಿನ ನಿನ್ನ ಭಯ ಎಲ್ಲಾ ಹೇಳ್ಬಿಡು, ಆಮೇಲೆ ಒಲೆ ಹಚ್ಚೋಣ” ಎನ್ನುತ್ತಿದ್ದೆ. ನಾನು ಶುರು ಮಾಡುತ್ತಿದ್ದೆ. ಪೂರಿ ಕರಿಯುವ ಮಧ್ಯದಲ್ಲಿ ಸಿಲಿಂಡರ್ ಮುಗಿದರೆ? ಕರೆಂಟ್ ಹೋಗಿ ರುಬ್ಬುವುದು ನಿಂತರೆ? ಪಾಯಸಕ್ಕೆ ಯಾರಾದರೂ ಬಿಸಿಯಿರುವಾಗಲೇ ಬೆಲ್ಲ ಸುರಿದು ಹಾಲು ಒಡೆದರೆ? ಉಗ್ರಾಣದ ಬೀಗದ ಕೈ ಹಿಡಿದವರು ದೇವಸ್ಥಾನಕ್ಕೆ ಹೋಗಿಬಿಟ್ಟರೆ? ಹಪ್ಪಳದವಳು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. “ಅಮ್ಮಾವ್ರೆ, ಈ ಅಕ್ಕನ್ ಮಾತು ಕೇಳಿದ್ರೆ ಮದ್ವೇನೇ ಬೇಡ ಅಂತ ಗಂಡು ಓಡ್ಹೋಗ್ತಾನೆ” ಎಂದು ಕಾಯಿ ತುರಿಯುವವನು ಆಡಿಕೊಳ್ಳುತ್ತಿದ್ದ. ನೀನು ಮಾತ್ರ ನಗುತ್ತಿರಲಿಲ್ಲ. ಒಂದೊಂದಕ್ಕೂ ಒಬ್ಬೊಬ್ಬರನ್ನು ಕರೆದು ಹೀಗಾದರೆ ಹೀಗೆ ಮಾಡು ಎಂದು ಹೇಳಿ, ಕೊನೆಗೆ ಬೆಂಕಿಕಡ್ಡಿ ಗೀರುತ್ತಿದ್ದೆ. ಎಲ್ಲರನ್ನೂ ನಗಿಸಿ ಕೆಲಸಕ್ಕೆ ಹಚ್ಚಲು ನನ್ನನ್ನು ಕೂರಿಸುತ್ತೀಯ ಎಂದೇ ಇಷ್ಟು ವರ್ಷ ತಿಳಿದಿದ್ದೆ. ನನ್ನನ್ನು ತಮಾಷೆ ಮಾಡುತ್ತಿದ್ದೆಯೋ, ಅಥವಾ...

ಅಮ್ಮ ಹೋದ ಮೇಲೆ ನೀನು ನನ್ನನ್ನು ವಿಜಯನಗರದ ಶಾಲೆಗೆ ಸೇರಿಸಿದ್ದು ನೆನಪಿದೆಯಾ? ಎಂಟನೇ ಕ್ಲಾಸಿನಲ್ಲಿ ಇಂಗ್ಲಿಷ್ ಪಾಠ ಜೋರಾಗಿ ಓದುವಾಗ ಒಂದು ಪದ ತಪ್ಪಿತು, ಹಿಂದಿನ ಬೆಂಚಿನವರು ನಕ್ಕರು. ಮರುದಿನ ಗೇಟಿನ ತನಕ ಹೋಗಿ ವಾಪಸ್ ಬಂದೆ. ಅದರ ಮರುದಿನ ಗೇಟಿನ ತನಕವೂ ಹೋಗಲಿಲ್ಲ. ಆಮೇಲೆ ನೀನೇ ಟ್ಯುಟೋರಿಯಲ್‌ಗೆ ಕಟ್ಟಿಸಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋದೆ, ರಿಜಿಸ್ಟರ್ ನಂಬರನ್ನು ತಪ್ಪು ಜಾಗದಲ್ಲಿ ಬರೆದೆ ಎಂದು ಗೊತ್ತಾದೊಡನೆ ಪೇಪರ್ ಅಲ್ಲೇ ಇಟ್ಟು ಎದ್ದು ಬಂದೆ. ಹೊಲಿಗೆ ಕ್ಲಾಸು? ಒಂದು ರವಿಕೆಯ ಕೈ ಉಲ್ಟಾ ಹೊಲಿದ ದಿನವೇ ಅದೂ ಮುಗಿಯಿತು. ಒಂದು ತಪ್ಪು, ಆಮೇಲೆ ನಾನಿಲ್ಲ. ಹೀಗೇ ನಲವತ್ತು ದಾಟಿದೆ. ನೀನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ ಎಂದು ಆಗಾಗ ಅನ್ನಿಸುತ್ತದೆ, ಆದರೆ ಬೈದಿದ್ದರೆ ನಿನ್ನ ಹತ್ತಿರದಿಂದಲೂ ಓಡಿಹೋಗುತ್ತಿದ್ದೆನಲ್ಲವಾ?

ಗಿರೀಶ ಆ ಕರಪತ್ರ ತಂದುಕೊಟ್ಟ ಸಂಜೆ ನಾನು ಹೇರೋಹಳ್ಳಿ ಮನೆಯ ಬಾಗಿಲಲ್ಲಿ ಸುಮ್ಮನೆ ಕೂತಿದ್ದೆ. ನೀನು ಹೋದ ಮೇಲೆ ಹಾಗೆ ಕೂರುವುದೇ ನನ್ನ ಕೆಲಸವಾಗಿತ್ತು. ಶಾಲೆ ಬಿಟ್ಟ ಹೆಂಗಸರಿಗೆ ವಿಜಯನಗರದಲ್ಲಿ ಕಂಪ್ಯೂಟರ್ ಕಲಿಸುತ್ತಾರಂತೆ, ದುಡ್ಡು ಕಾಸು ಬೇಡವಂತೆ ಎಂದ. “ಹೋಗಕ್ಕ. ಮನೇಲಿ ಕೂತು ನೀನೂ ಕೊರಗ್ತೀಯ, ನನ್ನೂ ಕೊರಗಿಸ್ತೀಯ” ಎಂದ. ನಾನು ಟೈಪಿಂಗ್ ಎಂದುಕೊಂಡೆ. ಮದುವೆ ಕಾರ್ಡಿನ ಅಕ್ಷರ ಜೋಡಿಸುವುದಿರಬೇಕು, ತಪ್ಪಾದರೆ ಅಳಿಸಬಹುದು ಎಂದು ಧೈರ್ಯ ಮಾಡಿ ಹೋದೆ. ಹೋದರೆ ಅಲ್ಲಿ ಇಪ್ಪತ್ತೈದು ಇಪ್ಪತ್ತಾರರ ಒಬ್ಬ ಹುಡುಗಿ ನಿಂತಿದ್ದಾಳೆ, ಗದಗದ ಕಡೆಯವಳು, ಪಕ್ಕದ ರಸ್ತೆಯ ಪೀಜಿಯಲ್ಲಿದ್ದಾಳೆ. ಹೆಸರು ಸವಿತಾ ಮೇಡಂ. “ಟೈಪಿಂಗ್ ಅಲ್ರಿ. ಕಂಪ್ಯೂಟರಿಗೆ ಕೆಲಸ ಹೇಳೂದು ಕಲಸ್ತೀನಿ” ಎಂದಳು. ನಾನು ಕೂತ ಕುರ್ಚಿಯಿಂದ ಏಳಲಿಲ್ಲ, ಯಾಕೆಂದರೆ ಬಾಗಿಲಿಗೆ ಹೋಗಬೇಕಾದರೆ ಅವಳ ಮುಂದೆಯೇ ಹಾದುಹೋಗಬೇಕಿತ್ತು. ಉಳಿದದ್ದಕ್ಕೆ ಕಾರಣ ಅಷ್ಟೇ, ಹೆಚ್ಚೇನಿಲ್ಲ.

ಮೊದಲ ಸಲ ಪರದೆಯ ಮೇಲೆ ಕೆಂಪಕ್ಷರ ಬಂದಾಗ ನಾನು ಮಾಡಿದ್ದನ್ನು ಕೇಳಿದರೆ ನೀನು ಹೊಟ್ಟೆ ಹಿಡಿದುಕೊಳ್ಳುತ್ತೀಯ. “ಸಾರಿ ಸಾರಿ” ಎಂದು ಕಂಪ್ಯೂಟರಿಗೇ ಕೈಮುಗಿದೆ, ಮುಗಿದು ಅದರ ಸ್ವಿಚ್ಚು ಆರಿಸಿಬಿಟ್ಟೆ. ಪಕ್ಕದಲ್ಲಿದ್ದ ದೀಪಾಂಜಲಿ ನಗರದ ಆಂಟಿ ಸುಟ್ಟುಹೋಯಿತೇನೋ ಎಂದು ಎದ್ದು ನಿಂತರು. ಸವಿತಾ ಮೇಡಂ ಬಂದು ಮತ್ತೆ ಹಚ್ಚಿದಳು. “ಅದು ಬೈಯಾಕತ್ತಿಲ್ರಿ. ಯಾವ ಸಾಲಿನಾಗ ತಪ್ಪೈತಿ ಅಂತ ಹೇಳಾಕತ್ತೈತಿ. ಹೆದರಬ್ಯಾಡ್ರಿ, ಓದ್ರಿ ಅದನ್ನ” ಎಂದಳು. ತಪ್ಪಾದ ಮೇಲೆ ಕೂತು ಓದುವುದು! ನಾನು ಹುಟ್ಟಿದಾಗಿನಿಂದ ಮಾಡಿರದ ಕೆಲಸ. ನನ್ನ ಇಂಗ್ಲಿಷ್ ಎಷ್ಟು ಎಂದು ನಿನಗೆ ಗೊತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಒಂದು ಸಾಲಿನ ಕೊನೆಗೆ ಎರಡು ಚುಕ್ಕಿ ಹಾಕುವುದನ್ನು ಬಿಟ್ಟಿದ್ದೆ, ಅಷ್ಟೇ. ಹಾಕಿದೆ. ಓಡಿತು. ನನ್ನ ಹೆಸರನ್ನು ಕೇಳಿ, ನಮಸ್ಕಾರ ಸುಮಿತ್ರಾ ಎಂದಿತು. ಬಸ್ಸಿನಲ್ಲಿ ಮನೆಗೆ ಬರುವವರೆಗೂ ನನಗೆ ಮೈ ಬೆಚ್ಚಗಿತ್ತು.

‘ಇಫ್’ ಎಂಬುದನ್ನು ಕಲಿಸಿದ ದಿನ ನಾನು ಬೆಚ್ಚಿಬಿದ್ದೆ, ದೊಡ್ಡಮ್ಮ. ಸುಳ್ಳಲ್ಲ. ಹಿಂಗಾದ್ರ ಇದು ಮಾಡು, ಇಲ್ಲಾಂದ್ರ ಅದು ಮಾಡು, ಅದಕ್ಕ ಇಷ್ಟ ಗೊತ್ತಾಗೂದು ಎಂದಳು ಮೇಡಂ. ಹೀಗಾದರೆ? ಇದು ನನ್ನ ಮಾತಲ್ಲವಾ? ಹುಟ್ಟಿದಾಗಿನಿಂದ ನಾನು ಆಡುತ್ತಿರುವುದು ಇದೊಂದೇ ಮಾತಲ್ಲವಾ? ಕೊಳಗದ ಮೇಲೆ ಕೂತು ನಾನು ಹೇಳುತ್ತಿದ್ದದ್ದು ಅರ್ಧ ಸಾಲು. ಹೀಗಾದರೆ, ಹೀಗಾದರೆ, ಹೀಗಾದರೆ ಎಂದು ಅಲ್ಲೇ ನಿಂತುಬಿಡುತ್ತಿದ್ದೆ. ಮಿಕ್ಕ ಅರ್ಧವನ್ನು ನೀನು ಹೇಳುತ್ತಿದ್ದೆ. ನಾವಿಬ್ಬರೂ ಸೇರಿ ಅಷ್ಟು ವರ್ಷ ಏನು ಬರೆಯುತ್ತಿದ್ದೆವು ಎಂದು ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮತ್ತೊಂದು ದಿನ ಮೇಡಂ ಎಲ್ಲರಿಗೂ ತಮ್ಮ ಪರಿಚಯ ಬರೆಯಲು ಹೇಳಿದಳು. ಕ್ಲಾಸ್ ಮುಗಿಯುವ ದಿನ ಹೊರಗಿನವರು ಬರುತ್ತಾರೆ, ಹೆಸರು, ಊರು, ಮತ್ತೆ ‘ನನ್ನ ಶಕ್ತಿ ಏನು’ ಎಂದು ಒಂದು ಸಾಲು ಬೇಕು ಎಂದಳು. ಆಂಟಿ ತಾಳ್ಮೆ ಎಂದು ಬರೆದರು. ಇನ್ನೊಬ್ಬಳು ಎಷ್ಟು ಹೊತ್ತಾದರೂ ದುಡಿಯುತ್ತೇನೆ ಎಂದು ಬರೆದಳು. ನನಗೆ ಹೆಸರು, ಊರು ಬಂತು. ಆಮೇಲೆ ಬೆವರು ಬಂತು. ನನ್ನಲ್ಲೇನಿದೆ ಹೇಳು? ಓದಿಲ್ಲ. ಧೈರ್ಯವಿಲ್ಲ. ಇದ್ದಕ್ಕಿದ್ದಂತೆ ಬಾಗಿಲು ಬಡಿದರೆ ಎದೆ ಬಾಯಿಗೆ ಬರುತ್ತದೆ. ಖಾಲಿ ಬಿಟ್ಟು ಕೊಟ್ಟೆ. ಅವಳು, ಇರ್ಲಿ ತಗೋರಿ, ಆಮ್ಯಾಲೆ ಬರೀರಿ ಎಂದು ವಾಪಸ್ ಕೊಟ್ಟಳು. ನೀನಿದ್ದಿದ್ದರೆ ಕೇಳುತ್ತಿದ್ದೆ. ನನ್ನನ್ನು ಬಲ್ಲವಳು ನೀನೊಬ್ಬಳೇ. ಕೇಳಲು ಹೋದಾಗ ನೀನು ಫೋಟೋದಲ್ಲಿ ನಗುತ್ತಿದ್ದೆ, ಅಷ್ಟೇ...

ಅದಾದ ವಾರವೇ ಮೇಡಂ ಒಂದು ಆಟ ಆಡಿಸಿದಳು. ವಯಸ್ಸು ಕೇಳುವ ಪುಟ್ಟ ಪ್ರೋಗ್ರಾಂ ಒಂದನ್ನು ತಾನೇ ಬರೆದು, ಇದನ್ನು ಯಾರು ಕೆಡಿಸುತ್ತೀರಿ ಎಂದಳು. ನನ್ನ ಬಾಯಿ ತಾನಾಗಿ ತೆರೆಯಿತು. ಏನೂ ಬರೆಯದೆ ಒತ್ತಿದರೆ? ಸೊನ್ನೆ ಹಾಕಿದರೆ? ‘ನಲವತ್ತು’ ಎಂದು ಅಕ್ಷರದಲ್ಲಿ ಬರೆದರೆ? ‘ನಲವತ್ತು ಇರಬೇಕು, ಸರಿಯಾಗಿ ಗೊತ್ತಿಲ್ಲ’ ಎಂದು ಬರೆದರೆ? ನಮ್ಮ ಕಡೆಯ ಅಜ್ಜಿಯರು ಹಾಗೇ ಹೇಳುವುದು. ಒಂದೊಂದಕ್ಕೂ ಕೆಂಪಕ್ಷರ ಬಂತು. ಮೇಡಂ ನನ್ನನ್ನೇ ನೋಡುತ್ತಾ ನಿಂತಳು. “ಇದ ಕೆಲಸಕ್ಕ ಕಂಪನಿಯೊಳಗ ಬ್ಯಾರೆ ಮಂದೀನ ಇಟ್ಟಿರ್ತಾರ್ರಿ, ಪಗಾರ ಕೊಟ್ಟು. ನಿಮಗ ಇದು ಹುಟ್ಟಿಂದನ ಬಂದೈತಿ” ಎಂದಳು. ಹೆದರುವುದಕ್ಕೆ ಸಂಬಳ! ಮನೆಗೆ ಬಂದು ಗಿರೀಶನಿಗೆ ಹೇಳಿದರೆ, “ಭಯಾನೇ ಶಕ್ತಿ ಅಂದ್ರೆ ನೀನು ಕರ್ನಾಟಕಕ್ಕೇ ದೊಡ್ಡ ಪೈಲ್ವಾನ್ ಬಿಡಕ್ಕ” ಎಂದ. ಅವನ ತಲೆಗೆ ಮೊಟಕಿದೆ. ಒಳಗೊಳಗೇ ಹಿಗ್ಗಿದ್ದೆ ಎಂದು ನಿನ್ನ ಹತ್ತಿರ ಮುಚ್ಚಿಡುವುದೇಕೆ?

ಆ ಹಿಗ್ಗಿನಲ್ಲೇ ಗಿರೀಶನಿಗೊಂದು ಪ್ರೋಗ್ರಾಂ ಮಾಡಿಕೊಟ್ಟೆ. ತಂಡವನ್ನು ಈಗ ನಡೆಸುವವನು ಅವನು. ಫೋನಿನಲ್ಲಿ ಬಂದ ಆರ್ಡರುಗಳನ್ನು ಮರೆಯುತ್ತಾನೆ, ಕೈಮೇಲೆ ಬರೆದುಕೊಂಡು ಕೈತೊಳೆಯುತ್ತಾನೆ. ಅವನು ಯಾರಿಂದಲೋ ತಂದಿದ್ದ ಹಳೇ ಲ್ಯಾಪ್‌ಟಾಪಿನಲ್ಲಿ ಆರ್ಡರ್ ಕೊಟ್ಟ ಪಾರ್ಟಿಯ ಹೆಸರು, ಏನು ಕಾರ್ಯ, ಯಾವ ದಿನ, ಎಷ್ಟು ಎಲೆ ಎಂದು ಹಾಕಿದರೆ ಸಾಕು. ಅಕ್ಕಿ ಬೇಳೆ ಲೆಕ್ಕ ಬರುತ್ತದೆ. ಕೆಳಗೆ ಪಾರ್ಟಿಗೆ ಕಳಿಸಲು ಒಂದು ಮೆಸೇಜೂ ಬರುತ್ತದೆ, ಅದನ್ನು ಹಾಗೆಯೇ ವಾಟ್ಸಾಪಿಗೆ ಹಾಕುವುದು. ಎಷ್ಟು ಪರೀಕ್ಷೆ ಮಾಡಿದೆ ಎಂದರೆ ಸವಿತಾ ಮೇಡಂಗೇ ಸಾಕಾಯಿತು. ಸೊನ್ನೆ ಎಲೆ ಹಾಕಿದೆ, ಹೆಸರಿಲ್ಲದೆ ಹಾಕಿದೆ, ಕಳೆದುಹೋದ ತಾರೀಖು ಹಾಕಿದೆ. ಮದುವೆ ಹಾಕಿದೆ, ಗೃಹಪ್ರವೇಶ ಹಾಕಿದೆ, ನಾಮಕರಣ ಹಾಕಿದೆ. ತಿಥಿಯನ್ನೂ ಹಾಕಿ ನೋಡಿದೆ. ತಿಥಿ ಊಟದ ಸಾಮಾನಿನಲ್ಲಿ ಈರುಳ್ಳಿ ಬರುತ್ತದಾ ಎಂದು ನೋಡಿದೆ. ಬರಲಿಲ್ಲ. ಖುಷಿಪಟ್ಟೆ.

ಮೆಸೇಜಿನ ಕೊನೆಗೆ ಏನಾದರೂ ಚೆನ್ನಾಗಿರುವುದು ಇರಲಿ ಎಂದು ಹುಡುಕಿದಾಗ ನಿನ್ನ ವಿಸಿಟಿಂಗ್ ಕಾರ್ಡು ನೆನಪಾಗಿತ್ತು. ಅದರ ಹಿಂಬದಿಯಲ್ಲಿ ನೀನೇ ಹೇಳಿ ಅಚ್ಚುಹಾಕಿಸಿದ್ದ ಸಾಲು. ‘ನಿಮ್ಮ ಮನೆಯ ಶುಭಕಾರ್ಯಕ್ಕೆ ಅಭಿನಂದನೆಗಳು. ಇಂಥ ಅವಕಾಶ ನಮಗೆ ಮತ್ತೆ ಮತ್ತೆ ಸಿಗಲಿ.’ ನಿನ್ನ ಮಾತು ಪ್ರತಿ ಮನೆಗೂ ಹೋಗಲಿ ಎಂಬ ಆಸೆ. ಎಲ್ಲ ಕಾರ್ಯಕ್ಕೂ ಅದೇ ಕೊನೆಯ ಸಾಲು ಇಟ್ಟೆ. ಒಂದೇ ಸಲ ಬರೆದೆ, ಕೆಳಗಡೆ. ಅಲ್ಲಿ ‘ಇಫ್’ ಹಾಕಬೇಕೆಂದು ನನಗೆ ತೋಚಲಿಲ್ಲ. ನಿನ್ನ ಮಾತಿನಲ್ಲಿ ಏನು ಕೆಡುತ್ತದೆ ಎಂದು ನಾನು ಯಾವತ್ತಾದರೂ ಹೆದರಿದ್ದೆನಾ?

ಗಿರೀಶ ಮಾರ್ಕೆಟ್ಟಿನಿಂದ ಫೋನ್ ಮಾಡಿದಾಗ ನಾನು ಕ್ಲಾಸಿನಲ್ಲಿದ್ದೆ. ಅವನ ಧ್ವನಿ ಅವನದಾಗಿರಲಿಲ್ಲ. ಬಸವೇಶ್ವರನಗರದ ಒಂದು ಮನೆ, ಹಿಂದೆ ಅವರ ಗೃಹಪ್ರವೇಶಕ್ಕೆ ನಾವೇ ಅಡುಗೆ ಮಾಡಿದ್ದೆವು. ಆ ಮನೆಯ ಯಜಮಾನರು ಬೆಳಿಗ್ಗೆ ವಾಕಿಂಗ್‌ಗೆ ಹೋದವರು ದಾರಿಯಲ್ಲೇ ಕುಸಿದುಬಿದ್ದು ತೀರಿಕೊಂಡಿದ್ದರು. ಹನ್ನೊಂದನೇ ದಿನದ ತಿಥಿ ಊಟಕ್ಕೆ ಅವರ ಅಣ್ಣ ಆರ್ಡರ್ ಹೇಳಿದ್ದರು. ಗಿರೀಶ ಆರ್ಡರನ್ನು ಲ್ಯಾಪ್‌ಟಾಪಿಗೆ ಹಾಕಿದ, ಬಂದ ಮೆಸೇಜನ್ನು ಓದದೆ, ಆ ಮನೆಯದೆಂದು ತನ್ನಲ್ಲಿದ್ದ ಹಳೇ ನಂಬರಿಗೆ ತಳ್ಳಿದ. ಅವರಣ್ಣ ವಾಪಸ್ ಫೋನ್ ಮಾಡಿ ಕೇಳಿದ್ದು ಒಂದೇ ಮಾತಂತೆ. “ಇನ್ನೂ ಎಷ್ಟು ಜನ ಸಾಯ್ಬೇಕಯ್ಯಾ ನಿಮಗೆ?”

ಸಾವಿನ ಮನೆಯ ಅಡುಗೆಗೆ ನೀನು ಹೇಗೆ ಹೋಗುತ್ತಿದ್ದೆ ಎಂದು ಆಮೇಲೆ ಒಂದೊಂದಾಗಿ ಕಣ್ಣ ಮುಂದೆ ಬಂತು. ಅಲ್ಲಿ ನೀನು ಕಾರ್ಡ್ ಕೊಡುತ್ತಲೇ ಇರಲಿಲ್ಲ. ಯಾರಾದರೂ ಕೇಳಿದರೂ ನಂಬರನ್ನು ಬಾಯಲ್ಲಿ ಹೇಳುತ್ತಿದ್ದೆ. ಪಾತ್ರೆ ತೊಳೆದು ಗಾಡಿಗೆ ಹಾಕಿದ ಮೇಲೆ ‘ಬರ್ತೀವಿ’ ಎನ್ನುವಂತಿಲ್ಲ. ಮಾತಿಲ್ಲದೆ ಹೊರಡಬೇಕು. ಒಂದು ಸಲ ಹೊಸದಾಗಿ ಸೇರಿದವಳು ಬಾಯಿ ತಪ್ಪಿ “ಹೋಗ್ಬರ್ತೀವಮ್ಮ” ಎಂದುಬಿಟ್ಟಾಗ ಗಾಡಿಯೊಳಗೆ ಅವಳಿಗೆ ತಿಳಿಹೇಳಿದ್ದು ನಾನೇ. ನಾನೇ, ದೊಡ್ಡಮ್ಮ! ಗೊತ್ತಿಲ್ಲದವಳು ಮಾಡಿದ್ದರೆ ಒಂದು ಮಾತು. ಮೂಳೆಮೂಳೆಗೂ ಗೊತ್ತಿರುವವಳು ಮಾಡಿದೆನಲ್ಲ. ಸೊನ್ನೆ ಎಲೆಗೆ ಹೆದರಿದೆ, ಖಾಲಿ ಹೆಸರಿಗೆ ಹೆದರಿದೆ, ಓದುವವರು ಅಳುತ್ತಾ ಓದುತ್ತಿದ್ದರೆ ಎಂದು ಹೆದರಲಿಲ್ಲ. ಹಾಗಾದರೆ ನನ್ನ ಭಯದ ಬೆಲೆ ಏನು? ಅದೊಂದೇ ನನ್ನ ಶಕ್ತಿ ಎಂದು ಹಿಗ್ಗಿದ್ದೆನಲ್ಲ, ಬೇಕಾದ ಗಳಿಗೆಯಲ್ಲಿ ಅದೂ ನನ್ನ ಜೊತೆ ಇರಲಿಲ್ಲ.

ಗಿರೀಶ ಮನೆಗೆ ಬಂದು ಲ್ಯಾಪ್‌ಟಾಪನ್ನು ಎತ್ತಿ ಬೀರುವಿನ ಮೇಲಿಟ್ಟ. ಅವನು ಕೂಗಾಡಲಿಲ್ಲ, ಅದೇ ಕಷ್ಟವಾಯಿತು. ಅಮ್ಮನ ಹೆಸರಿಗೆ ಈ ಮಾತು ಬಂತಲ್ಲಕ್ಕ ಎಂದ. ಆರ್ಡರ್ ಹೋಯಿತು. ಆರ್ಡರ್ ಹೋದರೆ ಇನ್ನೊಂದು ಬರುತ್ತದೆ, ಆದರೆ ಅವನ ಮಾತು... ನಾನು ಕ್ಲಾಸಿಗೆ ಹೋಗುವುದನ್ನು ನಿಲ್ಲಿಸಿದೆ. ಸವಿತಾ ಮೇಡಂ ಮಾಡಿದ ಫೋನು ಎತ್ತಲಿಲ್ಲ. ಶಾಲೆ, ಪರೀಕ್ಷೆ, ಹೊಲಿಗೆ, ಈಗ ಇದು. ಒಂದು ತಪ್ಪು, ಆಮೇಲೆ ನಾನಿಲ್ಲ. ನನ್ನ ದಾರಿ ನನಗೆ ಚೆನ್ನಾಗಿ ಗೊತ್ತಿತ್ತು.

ಎರಡು ದಿನ ಬಿಟ್ಟು ಒಂದು ಬೆಳಿಗ್ಗೆ ಹಾಲು ತರಲೆಂದು ಹೊರಟವಳು ಯಾಕೆ ಬಸವೇಶ್ವರನಗರದ ಬಸ್ ಹತ್ತಿದೆ ಎಂದು ಇವತ್ತಿಗೂ ಹೇಳಲಾರೆ. ಹೋಗಿ ಏನು ಹೇಳಬೇಕೆಂದೂ ಯೋಚಿಸಿರಲಿಲ್ಲ. ಇಳಿದು ವಾಪಸ್ ಹೋಗೋಣ ಎಂದು ಪ್ರತಿ ಸ್ಟಾಪಿನಲ್ಲೂ ಎದ್ದು ಎದ್ದು ಕೂತೆ. ಕಂಡಕ್ಟರ್ ನೋಡಿ, “ಎಲ್ಲಿಗ್ರಮ್ಮ, ಸರಿಯಾಗ್ ಹೇಳಿ” ಎಂದು ರೇಗಿದ. ಮನೆ ಗೊತ್ತಿತ್ತು. ಬಾಗಿಲ ಮುಂದೆ ಶಾಮಿಯಾನ ಹಾಗೇ ಇತ್ತು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಬಿಳಿ ಪಂಚೆ ಉಟ್ಟ ಹಿರಿಯರೊಬ್ಬರು ಯಾರು ಬೇಕಮ್ಮ ಎಂದು ಎದ್ದು ಬಂದರು. ಅವರೇ ಆ ಅಣ್ಣ.

“ಅಡುಗೆಯವ್ರ ಕಡೆಯಿಂದ ಬಂದಿದೀನಿ ಸಾರ್. ಆ ಮೆಸೇಜ್ ಬರ್ದಿದ್ದು ನಾನು.”

“ನೀವಾ? ಆ ಹುಡುಗ ಕಂಪ್ಯೂಟರ್ದು ತಪ್ಪು ಅಂದನಲ್ಲ.”

“ಕಂಪ್ಯೂಟರ್ದಲ್ಲ ಸಾರ್. ಅದಕ್ಕೆ ಹಂಗೆ ಹೇಳ್ಕೊಟ್ಟಿದ್ದು ನಾನೇ.”

“ಸಾವಿನ ಮನೇಗೆ ಅಂಥದ್ದು ಬರೀಬಾರ್ದು ಅಂತ ಗೊತ್ತಿರ್ಲಿಲ್ವಾ ನಿಮಗೆ?”

“ಗೊತ್ತಿತ್ತು ಸಾರ್.”

ಗೊತ್ತಿರಲಿಲ್ಲ ಎಂದಿದ್ದರೆ ಅವರು ಇನ್ನಷ್ಟು ಬೈದು ಕಳಿಸುತ್ತಿದ್ದರೇನೋ. ಗೊತ್ತಿತ್ತು ಎಂದದ್ದಕ್ಕೆ ಅವರು ಪೇರಿಸಿದ್ದ ಕುರ್ಚಿಗಳ ಮೇಲೆ ಕೈಯೂರಿದರು. “ನನ್ನ ತಮ್ಮ ಹೋಗ್ಬಿಟ್ಟಿದಾನಮ್ಮ” ಎಂದರು, ನಾನೇ ಅದನ್ನು ಸುಳ್ಳೆಂದು ಹೇಳಬಲ್ಲವಳು ಎನ್ನುವ ಹಾಗೆ. ನಾನು ತಲೆ ತಗ್ಗಿಸಿ ನಿಂತೆ. ಕಾಲು ಹಿಂದಕ್ಕೆ ಹೋಗಲಿಲ್ಲ. ಅದು ನನಗೆ ಆಮೇಲೆ ಗೊತ್ತಾದದ್ದು.

ಒಳಗಿನಿಂದ ಯಾರದು ಎಂದು ಹೆಂಗಸಿನ ಧ್ವನಿ ಕೇಳಿತು. ತೀರಿಕೊಂಡವರ ಹೆಂಡತಿ. ಒಳಗೆ ಹೋದರೆ ನಡುಮನೆಯಲ್ಲಿ ಫೋಟೋದ ಮುಂದೆ ದೀಪ, ಅದರ ಪಕ್ಕ ಚಾಪೆಯ ಮೇಲೆ ಕೂತಿದ್ದರು, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಬಾಗಿಲಲ್ಲಿ ನಾನು ಹೇಳಿದ್ದೆಲ್ಲ ಕೇಳಿಸಿತ್ತು ಎಂದು ಮುಖ ನೋಡಿದರೆ ತಿಳಿಯಿತು. ಬೈಯುತ್ತಾರೆ ಎಂದು ಕಾದೆ. ಅವರು ಮಡಿಲಿನಿಂದ ಒಂದು ಫೋನ್ ತೆಗೆದು ನನ್ನ ಕಡೆ ಚಾಚಿದರು. “ಇದು ಅವರ ಫೋನು. ಅದು ಬಂದಿದ್ದು ಇದ್ರಲ್ಲೇ. ಆವತ್ತಿಂದ ಇದನ್ನ ತೆಗ್ಯೋಕೇ ಆಗ್ತಿಲ್ಲ ನಂಗೆ. ಅಳಿಸ್ಕೊಡಮ್ಮ.”

ಅವರ ಫೋನಿಗೆ, ದೊಡ್ಡಮ್ಮ! ಹಳೇ ನಂಬರು ಎಂದರೆ ಅವರದೇ ನಂಬರು ಎಂದು ಗಿರೀಶನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಸತ್ತವರಿಗೇ ಅವರ ತಿಥಿಯ ಅಭಿನಂದನೆ. ಫೋನ್ ತೆರೆದರೆ ಹೊಸ ಮನೆಯ ಮುಂದೆ ಗಂಡ ಹೆಂಡತಿ ನಿಂತ ಚಿತ್ರ. ಎರಡು ಸಲ ಬೇರೇನೋ ಒತ್ತಿದೆ. ಗಿರೀಶನ ಹೆಸರಿನಡಿ ಅದು ಇತ್ತು, ನನ್ನ ಸಾಲು. ಇದೊಂದನ್ನೇ ಅಳಿಸಬೇಕಾ, ಎಲ್ಲವನ್ನಾ ಎಂದು ಕೇಳಿದೆ. “ಇದೊಂದೇ. ಮಿಕ್ಕಿದ್ದು ಅವರು ಕೈಯಾರೆ ಬರ್ದಿರೋದು, ಇರ್ಲಿ” ಎಂದರು. ಅಳಿಸಿದೆ. ಹೋಯಿತು ನೋಡಿ ಎಂದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಗಂಡ ಬರೆದಿದ್ದ ಹಳೇ ಮಾತುಗಳನ್ನು ಓದುತ್ತಾ ನನ್ನನ್ನು ಮರೆತೇಬಿಟ್ಟರು. ಕೊನೆಗೆ ತಲೆ ಎತ್ತಿ, ಊಟಕ್ಕೆ ಬೇರೆಯವರಿಗೆ ಹೇಳಿ ಆಗಿದೆಯಮ್ಮ ಎಂದರು, ತಪ್ಪು ತಮ್ಮದೇ ಎನ್ನುವ ಧ್ವನಿಯಲ್ಲಿ. ನಾನು ಮಾತಿಲ್ಲದೆ ಎದ್ದು ಬಂದೆ.

ಬಸ್ ಸ್ಟಾಪಿನಲ್ಲಿ ಕೂತಾಗ ನನಗೆ ಸಿಡಿಲು ಬಡಿದ ಹಾಗಾಯಿತು. ನಾನು ಹೋಗಿದ್ದೆ. ತಪ್ಪು ಮಾಡಿ, ಆ ತಪ್ಪಿನ ಮನೆಗೇ ನಡೆದುಹೋಗಿ, ನಾನೇ ಎಂದು ಹೇಳಿ, ಮುಗಿಯುವವರೆಗೆ ನಿಂತಿದ್ದೆ. ಅದು ನಾನೇನಾ? ಯಾರೋ ಬೇರೆ ಹೆಂಗಸು ನನ್ನ ಸೀರೆ ಉಟ್ಟು ಹೋಗಿ ಬಂದ ಹಾಗಿತ್ತು. ಹೆದರಿಕೆ ಇರಲಿಲ್ಲವಾ ಎಂದರೆ, ಇತ್ತು. ಮೈತುಂಬ ಇತ್ತು. ಅದನ್ನು ಹೊತ್ತುಕೊಂಡೇ ನಿಂತಿದ್ದೆ. ಕೆಂಪಕ್ಷರ ಬಂದಾಗ ಸ್ವಿಚ್ಚು ಆರಿಸದೆ ಕೂತು ಓದುವುದನ್ನು ಇಷ್ಟು ದಿನ ಅಭ್ಯಾಸ ಮಾಡಿದ್ದೆನಲ್ಲ, ಅದು ಬರೀ ಕಂಪ್ಯೂಟರಿಗೆ ಎಂದು ತಿಳಿದಿದ್ದೆ.

ಮರುದಿನ ಕ್ಲಾಸಿಗೆ ಹೋದೆ. ಸವಿತಾ ಮೇಡಂಗೆ ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಚಹಾ ಕುಡಿಯುವುದನ್ನೇ ಬಿಟ್ಟಳು. “ಅವರ ಮನೀಗೆ ಹೋಗಿದ್ರಾ? ನೀವ? ನಾ ಆಗಿದ್ರ ಫೋನ್ ಬಂದ್ ಮಾಡಿ ಗದಗದ ಗಾಡಿ ಹತ್ತಿರ್ತಿದ್ದೆ ನೋಡ್ರಿ” ಎಂದಳು. ಆಮೇಲೆ ಕ್ಲಾಸಿನ ಕಂಪ್ಯೂಟರಿನಲ್ಲಿದ್ದ ಪ್ರತಿ ತೆರೆದು, ಇಬ್ಬರೂ ಕೂತು ಆ ಕೊನೆಯ ಸಾಲನ್ನು ಬಿಚ್ಚಿದೆವು. ಕಾರ್ಯ ತಿಥಿಯಾದರೆ ‘ಹೇಳಿದ ಸಮಯಕ್ಕೆ ಅಡುಗೆ ಸಿದ್ಧವಿರುತ್ತದೆ’ ಎಂಬುದಷ್ಟೇ. ಇಲ್ಲದಿದ್ದರೆ ನಿನ್ನ ಸಾಲು. ಗಿರೀಶ ಬೀರುವಿನ ಮೇಲಿಂದ ಲ್ಯಾಪ್‌ಟಾಪ್ ಇಳಿಸಲು ಇನ್ನೂ ಒಪ್ಪಿಲ್ಲ. ಒಪ್ಪದಿದ್ದರೂ ಪರವಾಗಿಲ್ಲ, ಅವನ ಸಿಟ್ಟಿಗೆ ಕಾರಣವಿದೆ. ಆದರೆ ಫೋನಿನಲ್ಲಿ ಯಾರಿಗಾದರೂ ಏನಾದರೂ ಕಳಿಸುವ ಮೊದಲು ಈಗ ತುಟಿ ಅಲ್ಲಾಡಿಸಿಕೊಂಡು ಓದುತ್ತಾನೆ.

ಪರಿಚಯದ ಹಾಳೆ ಕೈಚೀಲದಲ್ಲೇ ಇತ್ತು. ಹೆಸರು, ಊರಿನ ಕೆಳಗೆ ‘ತಪ್ಪು ಮಾಡಿದರೆ ಓಡುವುದಿಲ್ಲ’ ಎಂದು ಬರೆದೆ. ಬರೆದು ನೋಡಿದರೆ ಸುಳ್ಳಿನ ಹಾಗೆ ಕಂಡಿತು. ನಲವತ್ತು ವರ್ಷ ಓಡಿದವಳು, ಒಂದೇ ಒಂದು ಸಲ ನಿಂತಿದ್ದೇನೆ. ಹೊಡೆದುಹಾಕಿ, ‘ಒಂದು ಸಲ ಓಡಲಿಲ್ಲ’ ಎಂದು ಬರೆದೆ. ಅದು ನಿಜ. ಮೇಡಂ ಓದಿ, ಇದ ಇರ್ಲಿ ಎಂದಳು.

ಕೊನೆಯ ದಿನ ಹೊರಗಿನವರು ಬಂದರು, ನೋಡಿದರು, ಹೋದರು. ಎಲ್ಲರ ಹಾಗೆ ನಾನೂ ನನ್ನ ಪ್ರೋಗ್ರಾಂ ತೋರಿಸಿದೆ, ಮಾತು ತಡವರಿಸಿತು, ತೋರಿಸಿದೆ. ಎಲ್ಲರೂ ಕೈಕುಲುಕಿ, ಫೋಟೋ ತೆಗೆಸಿಕೊಂಡು, ಮೆಟ್ಟಿಲಿಳಿದು ಹೊರಟರು. ನಾನು ಮಾತ್ರ ಕುರ್ಚಿಯಲ್ಲಿ ಕೂತೇ ಇದ್ದೆ. ಏನಾಯಿತು ಗೊತ್ತಾ ದೊಡ್ಡಮ್ಮ? ಮುಂದೇನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಮಧ್ಯದಲ್ಲಿ ಎದ್ದು ಹೋಗುವುದು ಹೇಗೆಂದು ಗೊತ್ತು. ಮುಗಿದ ಮೇಲೆ ಹೇಗೆ ಏಳುತ್ತಾರೆ? ಆ ಜಾಗಕ್ಕೆ ನಾನು ಯಾವತ್ತೂ ಬಂದೇ ಇರಲಿಲ್ಲ. ಸವಿತಾ ಮೇಡಂ ಕಿಟಕಿಗಳನ್ನು ಹಾಕುತ್ತಾ ಬಂದು ನನ್ನನ್ನು ನೋಡಿ ನಿಂತಳು.

“ಈಗ ಏನ್ ಮಾಡ್ಬೇಕು ಮೇಡಂ?” ಎಂದೆ.

“ಏನಿಲ್ರಿ,” ಎಂದಳು. “ಮುಗೀತು. ಮನೀಗೆ ಹೋಗ್ರಿ.”

ಬಂದೆ ದೊಡ್ಡಮ್ಮ. ಈ ಸಲ ಮುಗಿಸಿ ಬಂದೆ.

ನಿನ್ನ,
ಸುಮಿ